ಟೈಲರಮ್ಮನ ಧಾರಾವಾಹಿ, ನಾಳೆಯ ನಡಾವಳಿ

ಟೈಲರಮ್ಮ ಆ ಧಾರಾವಾಹಿಯನ್ನು ನೋಡುವುದಕ್ಕಿಂತ ಕೇಳುವುದೇ ಹೆಚ್ಚು. ನಾಲ್ಕು ಮಹಡಿಯ ಕಟ್ಟಡದ ನೆಲಮಹಡಿಯಲ್ಲಿ ಅವಳ ಕೋಣೆ: ಮೂರು ಹೊಲಿಗೆ ಯಂತ್ರ, ಬೀದಿಗೆ ತೆರೆದ ಒಂದು ಕಿಟಕಿ. ಹೊಲಿಗೆ ಕಲಿಯುವ ಹುಡುಗಿಯರು ಮಧ್ಯಾಹ್ನ ಮನೆಗೆ ಹೋದ ಮೇಲೆ, ನೂಲಿನ ಡಬ್ಬಿಗೆ ಒರಗಿಸಿದ ಫೋನಿನಲ್ಲಿ ಯಾವುದೋ ದೂರದ ದೇಶದ ಮಂತ್ರಿಗಳೂ ಪತ್ರಕರ್ತರೂ ಜಟಾಪಟಿಗೆ ಬೀಳುತ್ತಾರೆ. ಅವರ ಭಾಷೆ ಇವಳಿಗೆ ಬಾರದು. ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಓದೋಣವೆಂದರೆ ಕಣ್ಣು ಸೂಜಿಯ ಮೇಲಿರಬೇಕು. ಹಾಗಾಗಿ ಓದುವ ಕೆಲಸ ಅತ್ತೆಯದು. ಮೂವತ್ತು ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿದವರು ಪ್ರತಿ ಸಾಲನ್ನೂ ಕನ್ನಡಕ್ಕೆ ತಂದು ಒಪ್ಪಿಸುತ್ತಾರೆ, ಜೊತೆಗೆ ತಮ್ಮ ಅಭಿಪ್ರಾಯವನ್ನೂ.

“ಆ ಕಾಗದ ನಾನು ನೋಡೇ ಇಲ್ಲ ಅಂತಿದಾನೆ ಮಂತ್ರಿ. ಹೋಮ್‌ವರ್ಕ್ ಮನೇಲಿ ಬಿಟ್ಟುಬಂದೆ ಅನ್ನೋರ ಮುಖ.”

“ಕೋಟಿನ ಗುಂಡಿ ಹಾಕ್ಕೊಂಡನಾ ಅತ್ತೆ?”

“ಹೂಂ, ಈಗ ತಾನೇ.”

“ಹಾಗಾದ್ರೆ ಸುಳ್ಳು.”

ಇದು ಟೈಲರಮ್ಮನ ಸ್ವಂತ ಸಂಶೋಧನೆ. ಹೊಟ್ಟೆಯ ಹತ್ತಿರ ಅಷ್ಟು ಬಿಗಿಯಾದ ಕೋಟಿಗೆ ಯಾರೂ ಸುಮ್ಮನೆ ಗುಂಡಿ ಹಾಕಿಕೊಳ್ಳುವುದಿಲ್ಲ. ಅವಳ ಮೆಚ್ಚಿನವಳು ಮಾಸಲು ಕೋಟಿನ ಪತ್ರಕರ್ತೆ. ಆಕೆ ಕೂಗಾಡುವವಳಲ್ಲ. ಎದುರಿನವನು ಹೇಳುವುದನ್ನೆಲ್ಲ ಹೇಳಿ ಮುಗಿಸಲೆಂದು ಕಾಯುತ್ತಾಳೆ. ಆಮೇಲೆ ಕಾಗದವನ್ನು ಅವನ ಕೈಗೇ ಕೊಟ್ಟು ಓದಿಸುತ್ತಾಳೆ. ಅಂಥ ದೃಶ್ಯ ಬಂದಾಗ ಮಾತ್ರ ಟೈಲರಮ್ಮ ಯಂತ್ರ ನಿಲ್ಲಿಸಿ ತಲೆಯೆತ್ತುವುದು.

ಧಾರಾವಾಹಿ ಏಳನೇ ಕಂತಿಗೆ ಬಂದಿದ್ದಾಗ ಕಟ್ಟಡದ ಸಂಘದ ಅಧ್ಯಕ್ಷರು ಎರಡನೇ ಕಾರು ಕೊಂಡರು. ಮರುವಾರ ಮೆಟ್ಟಿಲ ಬಳಿ ನೋಟೀಸು ಅಂಟಿತು: ನೆಲಮಹಡಿಯ ಕೋಣೆಯನ್ನು ವಾಹನ ನಿಲುಗಡೆಗೆ ತೆರವು ಮಾಡಿಸುವ ಬಗ್ಗೆ ಭಾನುವಾರ ಹನ್ನೊಂದಕ್ಕೆ ಸಭೆ. ಟೈಲರಮ್ಮನ ಹನ್ನೆರಡು ವರ್ಷದ ಕಸುಬು ಆ ಕೋಣೆಯಲ್ಲಿತ್ತು. ಮೇಲಿನ ಮಹಡಿಯ ಅವಳ ಮನೆಯಲ್ಲಿ ಮೂರು ಯಂತ್ರವಿರಲಿ, ಒಂದನ್ನಿಟ್ಟರೂ ಕಾಲು ಚಾಚಲು ಜಾಗವಿಲ್ಲ.

ಶನಿವಾರ ಸಂಘದ ಕಾರ್ಯದರ್ಶಿ ನಡಾವಳಿ ಪುಸ್ತಕ ಹಿಡಿದು ಬಂದರು.

“ಇದರ ಹೊದಿಕೆ ಹರಿದುಹೋಗಿದೆಯಮ್ಮ. ನಾಳೆ ಸಭೆಗೆ ಮುಂಚೆ ಹೊಸದು ಹೊಲಿದುಕೊಡಿ.”

ಅವರು ಹೋದ ಮೇಲೆ ಅತ್ತೆ ಪುಸ್ತಕ ಬಿಡಿಸಿದರು. ಎದುರಿಗೆ ಅಕ್ಷರ ಕಂಡರೆ ಗಟ್ಟಿಯಾಗಿ ಓದದೆ ಬಿಡುವವರಲ್ಲ.

“‘ಭಾನುವಾರ ಹನ್ನೊಂದು ಗಂಟೆಗೆ ಸೇರಿದ ಸಭೆಯಲ್ಲಿ...’ ಅಲ್ಲ ಕಣೇ, ಇವತ್ತು ಶನಿವಾರ ಅಲ್ವಾ?”

“ಮುಂದೆ ಓದಿ.”

“‘ನೆಲಮಹಡಿಯ ಟೈಲರ್ ಅವರು ಸಂತೋಷದಿಂದ ಕೋಣೆ ಬಿಟ್ಟುಕೊಡಲು ಒಪ್ಪಿದರು. ಸಭೆಯು ಚಪ್ಪಾಳೆಯೊಂದಿಗೆ ಅವರನ್ನು ಅಭಿನಂದಿಸಿತು. ಮೂರನೇ ಮಹಡಿಯ ಡಾಕ್ಟರು ವಂದನೆ ಅರ್ಪಿಸಿದರು.’ ಚಪ್ಪಾಳೇನೂ ಹೊಡೆಸಿಬಿಟ್ಟಿದಾನಲ್ಲೇ ಮಹಾನುಭಾವ.”

“ಡಾಕ್ಟರು ಊರಲ್ಲೇ ಇಲ್ಲ ಅತ್ತೆ. ನಿನ್ನೆ ಹೊರಟ್ರು. ಸೂಟ್‌ಕೇಸಿಗೆ ಜಿಪ್ ಹಾಕಿಕೊಟ್ಟಿದ್ದೇ ನಾನು.”

ನಡಾವಳಿಯನ್ನು ಹಿಂದಿನ ದಿನವೇ ಮುತ್ತಿನಂಥ ಅಕ್ಷರದಲ್ಲಿ ಬರೆದಿಟ್ಟು, ಸಭೆಯಲ್ಲಿ ಸಹಿ ಮಾತ್ರ ಮಾಡಿಸುವುದು ಕಾರ್ಯದರ್ಶಿಯ ಹದಿನೆಂಟು ವರ್ಷದ ರೂಢಿ. ಅಷ್ಟೂ ವರ್ಷ ಯಾರೂ ಅದನ್ನು ಓದಿರಲಿಲ್ಲ. ಯಾರಾದರೂ ಓದಬಹುದೆಂದು ಅವರಿಗೆ ಹೊಳೆಯಲೂ ಇಲ್ಲ.

ಅತ್ತೆ ಸೆರಗು ಬಿಗಿದು ಎದ್ದರು. “ನಡಿ, ಈಗಲೇ ಹೋಗಿ ಕೇಳ್ತೀನಿ.”

“ಈಗ ಕೇಳಿದ್ರೆ ಹಾಳೆ ಹರಿದುಹಾಕ್ತಾರೆ. ಕೂತ್ಕೊಳ್ಳಿ. ಮೊದ್ಲು ಹೊದಿಕೆ ಹೊಲೀತೀನಿ.”

ಬೂದು ಬಣ್ಣದ ಕೋಟಿನ ಬಟ್ಟೆ ಸ್ವಲ್ಪ ಉಳಿದಿತ್ತು. ಅದರಲ್ಲಿ, ಜೋಡಿ ಹೊಲಿಗೆ ಹಾಕಿ, ಚೊಕ್ಕವಾದ ಹೊದಿಕೆ ಹೊಲಿದಳು.

ಭಾನುವಾರ ತಾರಸಿಯ ಮೇಲೆ ಹನ್ನೊಂದು ಮಂದಿ ಸೇರಿದರು. ಅಧ್ಯಕ್ಷರು ಕಾಲು ಗಂಟೆ ಮಾತಾಡಿ, “ಎಲ್ಲರ ಒಪ್ಪಿಗೆ ಇದೆ ಅಂದುಕೋತೀನಿ” ಎಂದರು. ಟೈಲರಮ್ಮ ಎದ್ದು ನಿಂತಳು.

“ಸರ್, ಹೊದಿಕೆ ಸರಿಯಾಗಿದೆಯಾ?”

“ಚೆನ್ನಾಗಿದೆಯಮ್ಮ,” ಎಂದರು ಕಾರ್ಯದರ್ಶಿ.

“ಹಾಗಾದ್ರೆ ಒಳಗೆ ಇವತ್ತಿನ ಪುಟ ಓದಿ.”

“ಇವತ್ತಿಂದು ಇನ್ನೂ...”

“ಬರೆದಿದೀರಿ. ಓದಿ.”

ಕಾರ್ಯದರ್ಶಿ ಅಧ್ಯಕ್ಷರ ಮುಖ ನೋಡಿದರು. ಎರಡನೇ ಮಹಡಿಯ ನರ್ಸಮ್ಮ, “ಓದ್ರೀ, ಕೇಳೋಣ,” ಎಂದರು. ಬೇರೆ ದಾರಿಯಿಲ್ಲದೆ ಓದಿದರು. ಚಪ್ಪಾಳೆಯ ಸಾಲಿಗೆ ಯಾರೋ ಕಿಸಕ್ಕೆಂದರು. ಡಾಕ್ಟರ ವಂದನೆಗೆ ಇಡೀ ತಾರಸಿ ನಕ್ಕಿತು.

“ಇದು ಬರೀ ಪದ್ಧತಿ,” ಎಂದರು ಅಧ್ಯಕ್ಷರು. “ಟೈಮ್ ಉಳಿಸೋಕೆ.”

“ನಾನು ಒಪ್ಪಿದೆ ಅಂತ ಯಾರು ಹೇಳಿದ್ರು?”

“ನೋಡಮ್ಮ, ಬೀದೀಲಿ ಕಾರು ನಿಲ್ಲಿಸಿದ್ರೆ ಎಷ್ಟು ಕಷ್ಟ ಅಂದ್ರೆ...”

“ಕಾರಿನ ವಿಷಯ ಆಮೇಲೆ. ನಾನು ಒಪ್ಪಿದೆ ಅಂತ ಯಾರು ಹೇಳಿದ್ರು?”

ಅಧ್ಯಕ್ಷರು ಕಾರ್ಯದರ್ಶಿಯ ಕಡೆ ತಿರುಗಿದರು. ನರ್ಸಮ್ಮ ಕೈ ಎತ್ತಿಸಿಯೇಬಿಟ್ಟರು. ಅಧ್ಯಕ್ಷರ ಕಡೆ ಅವರದೊಂದು ಕೈ, ಅವರ ಹೆಂಡತಿಯ ಅರೆಮನಸ್ಸಿನ ಇನ್ನೊಂದು. ಕೋಣೆ ಉಳಿಯಲಿ ಎಂದು ಒಂಬತ್ತು ಕೈ ಎದ್ದವು, ಒಂಬತ್ತನೆಯದು ಕಾರ್ಯದರ್ಶಿಯದು.

ಅವರು ಹಳೆಯ ಪುಟಕ್ಕೆ ಅಡ್ಡಗೆರೆ ಎಳೆದು, ಹೊಸ ಪುಟ ತೆಗೆದರು. ಎದುರಿಗೆ ಜನ ಮಾತಾಡುತ್ತಿರುವಾಗಲೇ ಬರೆದು ಅಭ್ಯಾಸವಿಲ್ಲ, ಬೆವರತೊಡಗಿದರು.

“ನೆಲಮಹಡಿಯ ಕೋಣೆ ಹೊಲಿಗೆ ಕೆಲಸಕ್ಕೇ ಇರತಕ್ಕದ್ದು ಅಂತ ಬರೀರಿ,” ಎಂದಳು ಟೈಲರಮ್ಮ.

“ಮುಂದಿನ ಹತ್ತು ವರ್ಷ ಅಂತ ಸೇರಿಸಿ,” ಎಂದರು ಅತ್ತೆ. ಯಾರೂ ಬೇಡವೆನ್ನಲಿಲ್ಲ.

“ಸ್ವಲ್ಪ ನಿಧಾನ ಹೇಳಿ ಟೀಚರ್, ಕೈ ಓಡ್ತಿಲ್ಲ.”

ಅತ್ತೆ ತರಗತಿಯಲ್ಲಿ ಉಕ್ತಲೇಖನ ಹೇಳಿದಂತೆ ಒಂದೊಂದೇ ಪದ ಬಿಡಿಸಿ ಹೇಳಿದರು. ಮುಗಿಯುವಾಗ ಹನ್ನೆರಡೂ ಮುಕ್ಕಾಲು. ಟೈಲರಮ್ಮ ಪುಟವನ್ನು ಎರಡು ಸಲ ಓದಿ, ಎಲ್ಲರಿಗಿಂತ ಮೊದಲು ಸಹಿ ಹಾಕಿ, ಪೆನ್ನನ್ನು ಅಧ್ಯಕ್ಷರ ಕೈಗೆ ಕೊಟ್ಟಳು.