ಕರಿಯಪ್ಪನ ಕೆಲಸ

ಟೊಕ್, ಟೊಕ್, ಟೊಕ್. ಮರದ ಸುತ್ತಿಗೆಯಿಂದ ಟೈಲ್ ಕೂರಿಸುವ ಸದ್ದು. ನಾನು ಮದುವೆಯಾಗಿ ಹೊಸದುರ್ಗಕ್ಕೆ ಬಂದ ಎರಡನೇ ಬೇಸಿಗೆ, ನಮ್ಮ ಹಾಲ್‌ಗೆ ಹೂವಿನ ಟೈಲ್ಸ್ ಹಾಕಿಸಿದೆವು. ಮೇಸ್ತ್ರಿ ರಾಮಗಿರಿ ಕಡೆಯ ಕರಿಯಪ್ಪ. ಅರ್ಧ ವರ್ಷ ಕುರಿ ಕಾಯುತ್ತಿದ್ದ, ಅರ್ಧ ವರ್ಷ ಕರಣೆ ಹಿಡಿಯುತ್ತಿದ್ದ. ಮಗುವನ್ನು ಮಲಗಿಸುವ ಹಾಗೆ ಮೆತ್ತಗೆ ತಟ್ಟುತ್ತಿದ್ದ.

ಕಳೆದ ವಾರ ಆ ನೆಲವನ್ನೇ ಕೀಳಿಸಿದೆ.

ಯಾಕೆ ಅಂತೀರಾ? ನಮ್ಮ ಯಜಮಾನರು, ರಿಟೈರ್ಡ್ ಮ್ಯಾಥ್ಸ್ ಮೇಷ್ಟ್ರು, ಒದ್ದೆ ಕಾಲಲ್ಲಿ ಎರಡು ಸಲ ಜಾರಿ ಬಿದ್ದರು. ಮೂರನೇ ಸಲಕ್ಕೆ ಸೊಂಟ ಉಳಿಯೋದಿಲ್ಲ ಎಂದರು ಚಿತ್ರದುರ್ಗದ ಡಾಕ್ಟರ್. ಆಂಟಿ-ಸ್ಕಿಡ್ ಟೈಲ್ಸ್ ಬಂದಿಳಿದವು. ಕೀಳುವವರೂ ಬಂದರು. ಯಜಮಾನರು ಮಾತ್ರ ಏಳಲಿಲ್ಲ.

ಅಕ್ಷರಶಃ ಏಳಲಿಲ್ಲ. ಬಾಗಿಲ ಹತ್ತಿರ ಆ ತಿರುಗಿದ ಟೈಲ್ ಮೇಲೆಯೇ ಕುರ್ಚಿ ಹಾಕಿಕೊಂಡು, ಪೇಪರ್ ಬಿಡಿಸಿ ಕುಳಿತುಬಿಟ್ಟರು.

ಆ ಟೈಲ್ ಬಗ್ಗೆ ಹೇಳಬೇಕು. ನಾಲ್ಕು ಟೈಲ್ ಸೇರಿದರೆ ಒಂದು ಹೂವು. ಬಾಗಿಲ ಬಳಿಯ ಕೊನೆಯ ಹೂವಿನಲ್ಲಿ ಒಂದು ಟೈಲ್ ತಿರುಗಿ ಕೂತಿದೆ. ಮೂರು ಎಸಳು ಒಳಮುಖ, ಒಂದು ಮಾತ್ರ ಮುನಿಸಿಕೊಂಡ ಸೊಸೆಯ ಹಾಗೆ ಆಚೆ ಮುಖ. ಬಂದವರ ಕಣ್ಣು ಮೊದಲು ಅಲ್ಲಿಗೇ. ಕಾನ್ವೆಂಟ್‌ನಲ್ಲಿ ಮಾರ್ಜಿನ್ ಸೊಟ್ಟಗಾದರೆ ಸ್ಕೇಲ್‌ನಲ್ಲಿ ಏಟು ತಿಂದವಳು ನಾನು. ಸಹಿಸುವುದು ಹೇಗೆ? ಮನೆಯಲ್ಲಿ ಏನು ಕೆಟ್ಟರೂ ನನ್ನ ಬಾಯಲ್ಲಿ ಒಂದೇ ಮಾತು: "ಕರಿಯಪ್ಪನ ಕೆಲಸ!" ಮಗಳು ಹೊಲಿದ ಕರ್ಚೀಫ್, ಪ್ಲಂಬರ್ ಕೂರಿಸಿದ ನಲ್ಲಿ, ಸೀದ ದೋಸೆ, ಎಲ್ಲವೂ ಕರಿಯಪ್ಪನ ಕೆಲಸ. (ದೋಸೆ ಸೀಯಿಸಿದ್ದು ನಾನೇ.) ಕೇಳಿ ಕೇಳಿ ಬೀದಿಯವರೂ ಕಲಿತರು. ಆಮೇಲೆ ನಮ್ಮ ಬೀದಿಯಲ್ಲಿ ಯಾರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹಾಲ್ ಪೂರ್ತಿ ಮರಳು. ನಡುಗಡ್ಡೆಯಲ್ಲಿ ಯಜಮಾನರು. ಚೂರು ತುಂಬಿದ ಬಾಂಡಲಿ ಹೊತ್ತ ಗಂಗಮ್ಮ ಅವರ ಕಾಲು ದಾಟಿ ದಾಟಿ ಸುಸ್ತಾಗಿದ್ದಳು.

"ಸಾರ್ ಟೋಲ್ ಗೇಟ್ ಆಗ್ಬಿಟ್ಟಾರೆ ನೋಡ್ರಿ."

ಮೇಸ್ತ್ರಿ ತಿಪ್ಪೇಸ್ವಾಮಿ ತಲೆ ಕೆರೆದುಕೊಂಡ. "ಅಮ್ಮಾರೆ, ಎಲ್ಲಾ ಕಿತ್ತಿದ್ದಾತು. ಇನ್ನು ಸಾರ್ ಒಬ್ರೇ ಬಾಕಿ."

"ಇದೊಂದು ಇರ್ಲಿ ಬಿಡಪ್ಪ," ಎಂದರು ಪೇಪರ್ ಹಿಂದಿನಿಂದ. "ಸುತ್ತ ಹಾಕ್ಕಂಡು ಹೋಗು."

ನಲವತ್ತು ವರ್ಷ ಟೈಲ್ ಕಡೆ ತಿರುಗಿಯೂ ನೋಡದವರಿಗೆ ಇದೇನು ಹೊಸ ಸೆಂಟಿಮೆಂಟ್? ನಾನು ವಾದ ಮಾಡಲಿಲ್ಲ. ಹೊಸದುರ್ಗದಲ್ಲಿ ಎಳನೀರಿಗೆ ಬರವೇ? ಒಂದು ಕೊಟ್ಟೆ. ಬಿಸಿಲು ಜಾಸ್ತಿ ಎಂದು ಇನ್ನೊಂದು. ಡಾಕ್ಟರ್ ಹೇಳಿದ್ದಾರೆ ಎಂದು ಮೂರನೆಯದು. (ಡಾಕ್ಟರ್ ಹೇಳಿರಲಿಲ್ಲ.) ಕಾಲು ಗಂಟೆಯಲ್ಲಿ ಮೇಷ್ಟ್ರು ಎದ್ದು ಬಾತ್‌ರೂಮಿಗೆ ಓಡಿದರು.

ತಿಪ್ಪೇಸ್ವಾಮಿ ಉಳಿ ಇಟ್ಟ. ಬೇರೆ ಟೈಲ್‌ಗಳು ಕಾವಲಿಯಿಂದ ದೋಸೆ ಎದ್ದ ಹಾಗೆ ಎದ್ದಿದ್ದವು. ಇದು ಜಪ್ಪಯ್ಯ ಅನ್ನಲಿಲ್ಲ. ಹತ್ತು ಏಟಿಗೆ ಒಂದು ಮೂಲೆ ಮುರಿಯಿತು. ಅವನು ಬಗ್ಗಿ ನೋಡಿ ನಕ್ಕ.

"ಇದು ಮೇಸ್ತ್ರಿ ಕೈ ಅಲ್ಲ ಅಮ್ಮಾರೆ. ಬೇರೆವ್ಕೆಲ್ಲ ಸುಣ್ಣ-ಮರಳು ಹದವಾಗಿ ಹಾಸಿ ಕೂರಿಸ್ಯಾನೆ ಪುಣ್ಯಾತ್ಮ. ಇದ್ಕೆ ಬರೀ ಸಿಮೆಂಟು ಸುರುವ್ಯಾರೆ. ಯಾರೋ ಓದಿದೋರು ಮಾಡಿದ್ದು."

ಓದಿದವರು ಟವೆಲ್ ಹಿಡಿದು ಬಂದು ನಿಂತಿದ್ದರು. ಮುಖ ನೋಡಿದೆ. ಹೋಂವರ್ಕ್ ಮಾಡದ ಹುಡುಗನ ಮುಖ.

"ಅವತ್ತು ನೀನು ಪೇಟೆಗೆ ಹೋಗಿದ್ದಾಗ, ಕುರಿಯೊಂದು ಈಯಲಾರದೆ ಒದ್ದಾಡ್ತೈತೆ ಅಂತ ಕರಿಯಪ್ಪನಿಗೆ ಊರಿಂದ ಸುದ್ದಿ ಬಂತು," ಎಂದರು. "ಉಳಿದಿದ್ದು ಒಂದೇ ಟೈಲು. ನೀನು ಬಸ್ ಹಿಡಿ, ಇದನ್ನ ನಾನೇ ಹಾಕ್ತೀನಿ ಅಂದೆ."

"ನೈಂಟಿ ಡಿಗ್ರಿ ತಿರುಗಿಸಿ ಹಾಕಿದಿರಿ. ಜಾಮಿಟ್ರಿ ಮೇಷ್ಟ್ರು."

"ಗೊತ್ತಾಗೋ ಹೊತ್ತಿಗೆ ಸಿಮೆಂಟು ಹಿಡಿದುಬಿಟ್ಟಿತ್ತು."

"ನನಗೆ ಹೇಳಬಹುದಿತ್ತಲ್ಲ?"

"ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನೀನು ಅವನನ್ನ ಬೈದಾಗಿತ್ತು."

ಹೌದು. ಬೈದಾಗಿತ್ತು. ನಾನು ಅವನನ್ನು ಕಡೆಯದಾಗಿ ನೋಡಿದ್ದು ಅವತ್ತೇ. ನೆಲ ಹಾಕಿ ಮುಗಿದ ವಾರಕ್ಕೆ, ಪಕ್ಕದ ಮನೆಯಲ್ಲಿ ಕೆಲಸವಿದೆಯಂತೆ, ಒಂದು ಮಾತು ಹೇಳಿ ಎಂದು ಕೇಳಲು ಬಂದಿದ್ದ. ಯಜಮಾನರು ಸ್ಕೂಲಿಗೆ ಹೋಗಿದ್ದರು. ನಾನು ಅವನನ್ನು ಬಾಗಿಲಲ್ಲೇ ನಿಲ್ಲಿಸಿ, ಟೈಲ್ ತೋರಿಸಿ, "ಇದೇನಾ ನಿನ್ನ ಕೆಲಸ? ಕಣ್ಣು ಕಾಣಲ್ವಾ?" ಎಂದೆ. ಅವನು ಟೈಲನ್ನು ನೋಡಿದ. ಸ್ವಲ್ಪ ಹೊತ್ತು ನೋಡಿದ. ಕಂಬಳಿಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿ, "ಕೈ ತಪ್ಪೈತೆ ಅಮ್ಮಾರೆ" ಎಂದ. ಪಕ್ಕದ ಮನೆಯ ಮಾತು ಎತ್ತದೆ ಹೊರಟ. ಗೇಟಿನ ಹತ್ತಿರ ಹಿಂತಿರುಗಿ, "ಸಾರ್‌ಗೆ ಹೇಳ್ರಿ, ತಾಯಿ-ಮರಿ ಎರಡೂ ಉಳಕಂಡ್ವು" ಎಂದ.

ಎಂಥ ತಲೆಬುಡವಿಲ್ಲದ ಮಾತು ಎಂದುಕೊಂಡೆ. ನಮ್ಮ ಯಜಮಾನರಿಗೆ ಹೇಳಲೇ ಇಲ್ಲ.