ಬೋಳು ಮೋಟಾರಿನ ಕಾಕಾ

ಮೊನ್ನೆ ಹುಮನಾಬಾದಿನ ಪೆಟ್ರೋಲ್ ಪಂಪಿನಾಗ ಮೊಮ್ಮಗ ತನ್ನ ಹಳೇ ಕಾರಿಗೆ ಪೆಟ್ರೋಲ್ ಹಾಕಿಸಾಕತ್ತಿದ್ದ. ಟಾಯರ್ ಬದಲಿ ಮಾಡಿಸೀನಿ, ಎವರೇಜ್ ಹೆಚ್ಚಾಗೇದ ಅಂತ ಬಡಾಯಿ ಕೊಚ್ಚತಿದ್ದ. ಕಿಟಕಿಯಿಂದ ಆ ವಾಸನಿ ಮೂಗಿಗೆ ಬಡೀತು ನೋಡ್ರಿ, ಆಮ್ಯಾಲ ಅವನ ಮಾತು ಒಂದೂ ಕಿವಿಗೆ ಬೀಳಲಿಲ್ಲ. ನಮ್ಮ ಬಾಜೂ ಮನಿ ಕಾಕಾ ಕಣ್ಣ ಮುಂದ ಬಂದು ನಿಂತರು...

ನಾನು ಸೊಸಿಯಾಗಿ ಬಂದಾಗ ಬಸವಕಲ್ಯಾಣಕ್ಕ ಬರೇ ಕಲ್ಯಾಣಿ ಅಂತಿದ್ರು. ಕಾಕಾಂದು ಕಿರಾಣಿ ಅಂಗಡಿ. ಯಾರೋ ಜಾಗೀರದಾರರ ವಾಡೇದಾಗ ಮೂಲಿಗೆ ಬಿದ್ದಿದ್ದ ಮೋಟಾರು ಆಸೆಪಟ್ಟು ತಂದಿದ್ದರು. ಅಷ್ಟರಾಗ ಎರಡನೇ ಮಹಾಯುದ್ಧ ಬಂತು, ಪೆಟ್ರೋಲಿಗೆ ರೇಶನ್ ಆತು. ಬ್ಯಾರೇದವರು ಮೋಟಾರಿಗೆ ಅರಿವಿ ಹೊಚ್ಚಿ ನಿಲ್ಲಿಸಿದರು. ಕಾಕಾ ಅಂಥಾ ಕುಳ ಅಲ್ಲ. ಭಾರ ಕಡಿಮಿ ಆದ್ರ ಗಾಡಿ ಕಡಿಮಿ ಕುಡೀತದ ಅಂತ ಮೊದಲು ಬಾಗಿಲು ಬಿಚ್ಚಿಸಿದರು. ಆಮ್ಯಾಲ ಮ್ಯಾಲಿನ ಟಪ್ಪ ಹೋತು. ಹಿಂದಿನ ಸೀಟಿನ ಕಬ್ಬಿಣ ಕಿತ್ತಿಸಿ, ಹುಲ್ಲು ತುಂಬಿದ ಗೋಣಿಚೀಲ ಹಾಕಿದರು. ಪೆಟ್ರೋಲ್ ಇಳಿಯೋ ತೂತು ಮಿಸ್ತ್ರಿ ಕಡಿಂದ ಮುಚ್ಚಿಸಿ, ಅದಕ್ಕಿಂತ ಸಣ್ಣ ತೂತು ಹೊಡಿಸಿದರು. ಇಳುಕಲಿನಾಗ ಇಂಜಿನ್ ಬಂದ್. ಏರಿನಾಗ ಕುಂತವರೆಲ್ಲಾ ಕೆಳಗ.

"ಕಾಕಾ, ಇನ್ನ ಗಾಲಿ ಅಷ್ಟೇ ಬಿಚ್ಚೂದು ಉಳದದ" ಅಂತ ಓಣಿ ಮಂದಿ ಚ್ಯಾಷ್ಟಿ ಮಾಡತಿದ್ರು.

"ಅದಕ್ಕೂ ಹಿಕಮತ್ ಹುಡುಕಾಕತ್ತೇನಪಾ" ಅಂತಿದ್ರು ಕಾಕಾ.

ನಾನು ಬಾಗಿಲ ಹಿಂದ ನಿಂತು ನಗತಿದ್ದೆ. ಬಾಗಿಲ ಹಿಂದ ಯಾಕಂದ್ರ, ನಮ್ಮ ಮನಿ ಸೊಸಿಯಂದ್ರು ಹಿರೇ ಗಂಡಸರ ಮುಂದ ಬರತಿದ್ದಿಲ್ಲ. ಅವರ ಕೂಡ ಮಾತಂತೂ ದೂರ ಉಳೀತು. ಬಂಡ್ಯಾಗ ಹೋಗೂದಿದ್ರೂ ಸುತ್ತ ಪರದಾ ಕಟ್ಟತಿದ್ರು.

ನನ್ನ ಮಗ ಅಂಬೆಗಾಲು ಇಡಾಕತ್ತಿದ್ದ ಹೊತ್ತು. ಒಂದಿನ ಮುಂಜಾನೆ ಕೂಸಿನ ಗಂಟಲು ಬಾತು, ಉಸರು ಸಿಳ್ಳೆ ಹೊಡಿಯಾಕತ್ತಿತು. ಮನಿಯವರು ಮಾಲು ತರಾಕ ಹೈದರಾಬಾದಿಗೆ ಹೋಗಿದ್ರು. ಊರ ಹಕೀಮರು ನೋಡಿ, ತಡಾ ಮಾಡಬ್ಯಾಡ್ರಿ, ಹುಮನಾಬಾದಿನ ದವಾಖಾನಿಗೆ ಒಯ್ಯರಿ ಅಂದರು. ಬಂಡ್ಯಾಗ ಹೋದ್ರ ಸಂಜಿ ಆಗತಿತ್ತು. ಸುದ್ದಿ ಕೇಳಿದ್ದೇ ಕಾಕಾ ಮೋಟಾರು ತಂದು ನಿಲ್ಲಿಸಿದರು. "ಏಳ್ರಿ ವೈನಿ, ಇದ್ದ ಪೆಟ್ರೋಲ್ ಹುಮನಾಬಾದಿನ ತನಕ ಬರಾಬರಿ ಆಗತದ" ಅಂತ ನಮ್ಮ ಅತ್ತಿಯವರಿಗೆ ಹೇಳಿದರು.

ಅತ್ತಿ ಮೋಟಾರು ನೋಡಿ ಅಲ್ಲೇ ನಿಂತರು. "ಈ ಬೋಳು ಗಾಡ್ಯಾಗ ಸೊಸಿನ್ನ ಹ್ಯಾಂಗ ಕೂಡಿಸಲಿ? ದಾರ್ಯಾಗ ರಾಜೇಶ್ವರದಾಗ ಬೀಗರ ಮನಿ ಅದ" ಅಂದರು. ಕಡೀಗೆ ಆಳು ಮನಷ್ಯಾನ ಕಡಿಂದ ಬಿದಿರಿನ ಗಳ ನಿಲ್ಲಿಸಿ, ಎರಡು ಕೌದಿ ಪರದಾ ಮಾಡಿ ಬಿಗಿಸಿದ ಮ್ಯಾಲೇ ಹತ್ತಿದರು. ಕಾಕಾ ಪರದಾ ಒಮ್ಮೆ, ಟಾಕಿ ಒಮ್ಮೆ ನೋಡಿ ಗಾಡಿ ಚಾಲೂ ಮಾಡಿದರು.

ಊರು ದಾಟಿದ್ದೇ ತಡ, ಕೌದ್ಯಾಗ ಗಾಳಿ ತುಂಬಕೊಂಡಿತು. ಮೋಟಾರು ನರಳಾಕತ್ತಿತು. ರಾಜೇಶ್ವರ ಇನ್ನೂ ಮುಂದಿತ್ತು. ಕಾಕಾ ಗಾಡಿ ನಿಲ್ಲಿಸಿ ಟಾಕಿಯೊಳಗ ಕಡ್ಡಿ ಅದ್ದಿ ನೋಡಿದರು. ನಮ್ಮ ಕಡಿ ತಿರುಗದೇ ರಸ್ತೆಗೆ ಹೇಳಿದಂಗ ಹೇಳಿದರು, "ವೈನಿ, ಪರದಾ ಗಾಡಿನ್ನ ಹಿಂದಕ್ಕ ಜಗ್ಗಾಕತ್ತೇದ. ಹಿಂಗ ಹೋದ್ರ ನಡುದಾರ್ಯಾಗ ನಿಲ್ತೀವಿ."

ಅತ್ತಿ ಪರದಾದ ಅಂಚು ಬಿಗಿ ಹಿಡದು ಕುಂತಿದ್ರು. ಕೂಸಿನ ತುಟಿ ನೀಲಿ ಆಗಾಕತ್ತಿತ್ತು. ನನಗ ಸಿಟ್ಟು ಉಕ್ಕಿ ಬಂತು. ಯಾರ ಮ್ಯಾಲ ಅಂತ ಈಗೂ ಹೇಳಾಕ ಬರೂದಿಲ್ಲ.

"ಕಾಕಾ, ಪರದಾ ಬಿಚ್ಚರಿ" ಅಂದೆ.

ಕಾಕಾ ಕೈ ಹಚ್ಚಲಿಲ್ಲ, ಅತ್ತಿ ಏನಂತಾರ ಅಂತ ನಿಂತರು. ಅತ್ತಿ ನನ್ನ ಮಾರಿ ನೋಡಿದರು, ಕೂಸಿನ ಮಾರಿ ನೋಡಿದರು. ಆಮ್ಯಾಲ ತಾವೇ ಹಗ್ಗದ ಗಂಟು ಹಲ್ಲಿಲೆ ಕಚ್ಚಿ ಬಿಚ್ಚಿದರು. ಕೌದಿ, ಬಿದಿರಿನ ಗಳ ಎಲ್ಲಾ ಜ್ವಾಳದ ಹೊಲಕ್ಕ ಬಿದ್ದವು. "ಇದರ ಭಾರ ಯಾಕ" ಅಂತ ಹಿತ್ತಾಳಿ ತಂಬಿಗಿನೂ ಒಗದರು. ರಾಜೇಶ್ವರದ ಅಂಗಡಿ ಸಾಲಿನಾಗ ಮಂದಿ ಎದ್ದು ನಿಂತು ನೋಡಿದರು. ಅತ್ತಿ ತಲಿ ಮ್ಯಾಲಿನ ಸೆರಗು ಜಗ್ಗಿ ಕೂಸಿಗೆ ನೆರಳು ಮಾಡಿ, ಬೋಳು ತಲಿಲೇ ನೆಟ್ಟಗ ಕುಂತಿದ್ರು.

ಪೆಟ್ರೋಲ್ ಮುಗದದ್ದು ಹುಮನಾಬಾದಿನ ಬಜಾರದಾಗ. ಕಾಕಾ ಕೂಸಿನ್ನ ಕಸಕೊಂಡು ದವಾಖಾನಿಗೆ ಓಡಿದರು, ಹಿಂದ ನಾವು. ಒಳಗ ಡಾಕ್ಟರು ಏನು ಮಾಡಿದರೋ ನನಗ ತಿಳೀಲಿಲ್ಲ. ಮಧ್ಯಾಹ್ನ ತಿರುಗಿದ ಮ್ಯಾಲ ಕೂಸು ದೊಡ್ಡ ದನಿ ತಗದು ಅತ್ತಿತು. ಅಬ್ಬಾ, ಜೀವಕ್ಕ ಜೀವ ಬಂತು. ಹೊರಗ ಕಟ್ಟಿ ಮ್ಯಾಲ ಕಾಕಾ ಟವೆಲ್ ಮಾರಿಗೆ ಒತ್ತಿಕೊಂಡು ಕುಂತಿದ್ರು. ಅಳತಿದ್ರೋ ಬೆವರು ಒರಸತಿದ್ರೋ...

ಊರಿಗೆ ಬಂದ ಮ್ಯಾಲ ನಾನು ಮತ್ತ ಬಾಗಿಲ ಹಿಂದಿನಾಕಿ ಆದೆ. ಕಾಕಾ ಅಂಗಳಕ್ಕ ಬಂದು ಕೂಸು ಹ್ಯಾಂಗದ ಅಂತ ಕೇಳತಿದ್ರು, ಅತ್ತಿ ಜವಾಬು ಕೊಡತಿದ್ರು. ಮುಂದ ಸ್ವಾತಂತ್ರ್ಯ ಬಂದ ಹೊತ್ತಿನ ಗಲಾಟಿ ದಿನಗಳಾಗ ಅವರು ಮನಿ ಮಂದಿನ್ನೆಲ್ಲಾ ಕರಕೊಂಡು ಸೊಲ್ಲಾಪುರಕ್ಕ ಹೋದರು. ಅಲ್ಲೇ ತೀರಿಕೊಂಡ್ರು ಅಂತ ಸುದ್ದಿ ಬಂತು.

"ಆಯಿ, ಯಾಕ ಸುಮ್ಮನ ಕುಂತಿ?" ಅಂತ ಮೊಮ್ಮಗ ಕೇಳಿದ. ಅವನ ಅಪ್ಪನೇ ಆ ಕೂಸು. ಕಾಕಾಗ ನಾನು ಜೀವಮಾನದಾಗ ಆಡಿದ್ದು ಒಂದೇ ಮಾತು. ನಿಮ್ಮಿಂದ ಕೂಸು ಉಳೀತ್ರಿ ಅನ್ನೋ ಎರಡನೇ ಮಾತು ಇನ್ನೂ ನನ್ನ ಬಾಯಾಗೇ ಅದ...