ಹೆಬ್ಬೆಟ್ಟಿನ ಪಕ್ಕದ ಬೆರಳು

ಕೋವಿಡ್ ಅಬ್ಬರ ಇಳಿದು ಪೀಣ್ಯದ ಶೆಡ್ಡುಗಳಲ್ಲಿ ಮತ್ತೆ ಮಿಷಿನ್ ಸದ್ದು ಶುರುವಾಗಿದ್ದ ವರ್ಷ ಅದು. ನಾನು ತುಮಕೂರು ರಸ್ತೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹ್ಯಾಂಡ್ ಸರ್ಜನ್ ಆಗಿದ್ದೆ. ಕೈಯ ಮೂಳೆ, ನರ, ರಕ್ತನಾಳ, ಸ್ನಾಯು ಎಲ್ಲವನ್ನೂ ಜೋಡಿಸುವ ಕೆಲಸ. ದಾವಣಗೆರೆಯಲ್ಲಿದ್ದ ನನ್ನ ಅಮ್ಮನಿಗೆ ಇದು ಕೊನೆಗೂ ತಲೆಗೆ ಹೋಗಲಿಲ್ಲ. ಬರೀ ಕೈಗೆ ಅಂತ ಒಬ್ಬ ಡಾಕ್ಟರು ಬೇಕೇನೇ ಎಂದು ನಗುತ್ತಿದ್ದಳು. ಪೀಣ್ಯದಲ್ಲಿ ನಾಲ್ಕು ದಿನ ಕಳೆದವರು ಆ ಪ್ರಶ್ನೆ ಕೇಳುವುದಿಲ್ಲ. ಅಲ್ಲಿ ಪವರ್ ಪ್ರೆಸ್ ಎಂಬ ಯಂತ್ರವಿದೆ. ಪೆಡಲ್ ಒತ್ತಿದರೆ ಮೇಲಿನ ಭಾರ ಧಡಕ್ಕನೆ ಇಳಿದು ತಗಡನ್ನು ಬೇಕಾದ ಆಕಾರಕ್ಕೆ ಕತ್ತರಿಸುತ್ತದೆ. ತಗಡು ಯಾವುದು, ಬೆರಳು ಯಾವುದು ಎಂಬ ಭೇದ ಅದಕ್ಕಿಲ್ಲ.

ಒಂದು ದಿನ ಬೆಳಗಿನ ಓಪಿಡಿ ಇನ್ನೂ ಅರ್ಧವೂ ಆಗಿರಲಿಲ್ಲ, ಕ್ಯಾಷುಯಲ್ಟಿಯಿಂದ ಕರೆ ಬಂತು. ಹೋಗಿ ನೋಡಿದರೆ ಅರವತ್ತರ ಆಸುಪಾಸಿನ ಒಬ್ಬರು ಮಂಚದ ಮೇಲೆ ಕೂತಿದ್ದರು. ಎಡಗೈಗೆ ಬನಿಯನ್ ವೇಸ್ಟ್ ಸುತ್ತಿತ್ತು. ವರ್ಕ್‌ಶಾಪುಗಳಲ್ಲಿ ಎಣ್ಣೆ ಒರೆಸಲು ಇಡುವ ಬಟ್ಟೆಚೂರಿಗೆ ಅಲ್ಲಿ ಹಾಗೇ ಹೆಸರು. ತೋರುಬೆರಳು, ನಡುಬೆರಳು ಎರಡೂ ಬುಡದ ಹತ್ತಿರವೇ ಕತ್ತರಿಸಿಹೋಗಿದ್ದವು. ಮನುಷ್ಯ ಮಾತ್ರ ಕೂಗಾಡುತ್ತಿರಲಿಲ್ಲ. ಪಕ್ಕದಲ್ಲಿದ್ದ ಹೆಂಡತಿ ಜಯಮ್ಮ ಅವರ ಬೆನ್ನು ಸವರುತ್ತಿದ್ದರು. ನನ್ನ ಸಿಬ್ಬಂದಿಯೇ ಹೆಚ್ಚು ಗಾಬರಿಯಾಗಿದ್ದರು, ಏಕೆಂದರೆ ಬಂದವರು ಆ ಸುತ್ತಿನವರಿಗೆಲ್ಲ ಗೊತ್ತಿದ್ದ ಬ್ಯಾಂಜೊ ನಂಜಪ್ಪ.

ನಾನು ಆ ಹೆಸರು ಕೇಳಿದ್ದು ಅಂದೇ. ನಮ್ಮ ಕಡೆ ಬ್ಯಾಂಜೊ ಎಂದರೆ ವಿದೇಶದವರು ಹೆಗಲಿಗೆ ತಗುಲಿಸಿಕೊಳ್ಳುವ ಗುಂಡಗಿನ ವಾದ್ಯವಲ್ಲ. ಉದ್ದನೆಯ ಮರದ ಪೆಟ್ಟಿಗೆ, ಅದರ ಮೇಲೆ ತಂತಿಗಳು, ತಂತಿಗಳ ಮೇಲೆ ಟೈಪ್‌ರೈಟರಿನ ಹಾಗೆ ಸಾಲಾಗಿ ಗುಂಡಿಗಳು. ಎಡಗೈ ಬೆರಳಿನಿಂದ ಗುಂಡಿ ಒತ್ತಿ ಬಲಗೈಯಿಂದ ತಂತಿ ಮೀಟುತ್ತಾರೆ. ಭಜನೆ ಮಂಡಳಿ, ಗಣೇಶನ ಹಬ್ಬದ ಆರ್ಕೆಸ್ಟ್ರಾ, ಎಲ್ಲದಕ್ಕೂ ಅದು ಬೇಕು. ಚಿಕ್ಕಬಾಣಾವರದ ರೈತರ ಮನೆಯ ನಂಜಪ್ಪ, ಹೊಲ ಲೇಔಟಾದ ಮೇಲೆ ಉಳಿದ ಜಾಗದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿ, ಪೀಣ್ಯದಲ್ಲೊಂದು ಶೆಡ್ ಹಿಡಿದು, ಬ್ಯಾಂಜೊ ಮಾಡುವುದನ್ನೇ ಕಸುಬು ಮಾಡಿಕೊಂಡಿದ್ದರು. ಮರದ ಪೆಟ್ಟಿಗೆಯನ್ನು ಕೈಯಲ್ಲೇ ಕೊರೆಯುತ್ತಿದ್ದರು, ಗುಂಡಿಗಳ ಹಿತ್ತಾಳೆ ಪಟ್ಟಿಯನ್ನು ಮಾತ್ರ ಹಳೆಯ ಪ್ರೆಸ್ಸಿನಲ್ಲಿ ಕತ್ತರಿಸುತ್ತಿದ್ದರು. ಆವತ್ತು ಪಟ್ಟಿ ಸಿಕ್ಕಿಕೊಂಡಿತ್ತು. ಕೈಯಿಂದ ತಳ್ಳುವಾಗ ಕಾಲು ಪೆಡಲಿನ ಮೇಲೇ ಇತ್ತು.

ಬೆರಳು ಎಲ್ಲಿ ಎಂದು ಕೇಳಿದೆ. ಪಕ್ಕದ ಶೆಡ್ಡಿನ ಲೇತ್ ಕೆಲಸದ ಶಿವಣ್ಣ ಸ್ಟೀಲ್ ಡಬ್ಬಿಯೊಂದನ್ನು ಮುಂದೆ ಮಾಡಿದ. ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಬಡಿದದ್ದು ಸೀಮೆಎಣ್ಣೆ ವಾಸನೆ. ತೋರುಬೆರಳು ಅದರಲ್ಲಿ ಮುಳುಗಿತ್ತು.

"ಗ್ರೀಸು, ಹಿತ್ತಾಳೆ ಪುಡಿ ಎಲ್ಲ ಮೆತ್ಕೊಂಡಿತ್ತು ಮೇಡಂ. ನೀಟಾಗಿ ತೊಳ್ದು ತಂದಿದೀನಿ," ಎಂದ ಶಿವಣ್ಣ.

ನನಗೆ ಪಿತ್ತ ನೆತ್ತಿಗೇರಿತು. ಆದರೆ ಬೈಯಲು ಬಾಯಿ ತೆರೆದವಳು ಅವನ ಉಗುರಿನ ಸಂದಿಯ ಗ್ರೀಸು ಕಂಡು ತಡೆದುಕೊಂಡೆ. ಪೀಣ್ಯದಲ್ಲಿ ಕೊಳೆಯಾದ ಯಾವ ಬಿಡಿಭಾಗವನ್ನೂ ಮೊದಲು ಸೀಮೆಎಣ್ಣೆಯಲ್ಲೇ ಅದ್ದುತ್ತಾರೆ. ಅವನು ತನಗೆ ಗೊತ್ತಿದ್ದ ಅತ್ಯುತ್ತಮ ಆರೈಕೆಯನ್ನೇ ಮಾಡಿದ್ದ. ತುಂಡಾದ ಬೆರಳನ್ನು ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ, ಆ ಕವರನ್ನು ಐಸಿನ ಮೇಲೆ ಇಡಬೇಕು, ಅಷ್ಟೇ. ಐಸಾಗಲಿ ಅದು ಕರಗಿದ ನೀರಾಗಲಿ ಬೆರಳಿಗೆ ನೇರವಾಗಿ ತಾಗಬಾರದು. ಇದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಇನ್ನೊಂದು ಬೆರಳು ಎಲ್ಲಿ ಎಂದೆ. ಗಾಬರಿಯಲ್ಲಿ ಅದನ್ನು ಯಾರೂ ಹುಡುಕಿರಲೇ ಇಲ್ಲ.

ಶಿವಣ್ಣನನ್ನು ವಾಪಸ್ ಓಡಿಸಿದೆ. ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಅವನ ಬಾಯಿಂದಲೇ ಎರಡು ಸಲ ಹೇಳಿಸಿ ಕಳಿಸಿದೆ. ಕತ್ತರಿಸಿದ ಬೆರಳಿಗೆ ರಕ್ತವಿಲ್ಲದೆ ಬದುಕಲು ಕೆಲವು ಗಂಟೆ ಮಾತ್ರ ಕಾಲಾವಕಾಶ. ಬೇಸಿಗೆಯಲ್ಲಿ, ತಗಡಿನ ಶೆಡ್ಡಿನ ಕಾವಿನಲ್ಲಿ, ಅದೂ ಕಮ್ಮಿ.

ಅಷ್ಟರಲ್ಲಿ ಡಬ್ಬಿಯಲ್ಲಿ ಬಂದ ಬೆರಳನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಬೆರಳಿನ ರಕ್ತನಾಳ ಬೆಂಕಿಕಡ್ಡಿಗಿಂತಲೂ ಸಣ್ಣದು, ಅದರ ಒಳಮೈ ನುಣುಪಾಗಿದ್ದರಷ್ಟೇ ರಕ್ತ ಹೆಪ್ಪುಗಟ್ಟದೆ ಹರಿಯುತ್ತದೆ. ಇಲ್ಲಿ ಒಳಪದರ ಗೋಡೆಯ ಸುಣ್ಣದ ಹಾಗೆ ಎದ್ದುಬಂದಿತ್ತು. ಇನ್ನಷ್ಟು ಒಳಗೆ ಕತ್ತರಿಸಿ ನೋಡಿದೆ, ಅಲ್ಲೂ ಹಾಗೆಯೇ. ಆ ಬೆರಳು ಮುಗಿದಿತ್ತು.

ಈಗ ಎಲ್ಲವೂ ಇನ್ನೂ ಸಿಗದಿದ್ದ ನಡುಬೆರಳಿನ ಮೇಲೆ ನಿಂತಿತು. ಶಿವಣ್ಣನ ಮೊದಲ ಫೋನ್ ಬಂತು: ಪ್ರೆಸ್ಸಿನ ಸುತ್ತ ಇಲ್ಲ. ಎರಡನೆಯದು: ಬೆಂಚಿನ ಅಡಿಯಲ್ಲೂ ಇಲ್ಲ. ಓಟಿ ಸಿದ್ಧವಾಗಿತ್ತು, ಅರಿವಳಿಕೆಯವರು ಕಾದಿದ್ದರು. ನಾನು ಕಾರಿಡಾರಿನಲ್ಲಿ ಶತಪಥ ಹಾಕುತ್ತಾ ಸಿಕ್ಕವರ ಮೇಲೆಲ್ಲ ರೇಗುತ್ತಿದ್ದೆ. ಕೊನೆಗೆ ಆ ಸಾಲಿನ ಶೆಡ್ಡುಗಳ ಕೆಲಸಗಾರರೆಲ್ಲ ಮಿಷಿನ್ ನಿಲ್ಲಿಸಿ ಬಂದರಂತೆ. ಹಿತ್ತಾಳೆ ಚೂರು ಬೀಳುವ ಸ್ಕ್ರ್ಯಾಪ್ ಪೆಟ್ಟಿಗೆಯನ್ನು ರಸ್ತೆಯಲ್ಲಿ ಹಾಸಿದ ಟಾರ್ಪಾಲಿನ ಮೇಲೆ ಸುರಿದು, ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಸುತ್ತ ಕೂತು ಹುಡುಕಿದರಂತೆ. ಬೆರಳು ಸಿಕ್ಕಿತು. ಜ್ಯೂಸ್ ಅಂಗಡಿಯವನು ಐಸ್ ಕೊಟ್ಟ. ಆಮೇಲೆ ಬೈಕು ಜಾಲಹಳ್ಳಿ ಕ್ರಾಸಿನಲ್ಲಿ ಸಿಕ್ಕಿಹಾಕಿಕೊಂಡಿತು. ಅಲ್ಲಿಂದ ಮೂರನೆಯ ಫೋನ್ ಬಂದಾಗ ಫುಟ್‌ಪಾತ್ ಮೇಲೆ ಹತ್ತಿಸಿಕೊಂಡು ಬಾ ಎಂದು ನಾನೇ ಕಿರುಚಿದೆ.

ಬಂದ ಬೆರಳು ಚೆನ್ನಾಗಿತ್ತು. ಕೊಯ್ತ ನೇರವಾಗಿತ್ತು, ನಾಳಗಳು ನುಣುಪಾಗಿದ್ದವು. ಆದರೆ ಬೆರಳು ಒಂದೇ, ಜಾಗ ಎರಡು.

ಇದನ್ನು ನಂಜಪ್ಪನವರಿಗೆ ಬಿಡಿಸಿ ಹೇಳಲೇಬೇಕಿತ್ತು. ಬೆರಳನ್ನು ಅದರದೇ ಜಾಗದಲ್ಲಿ, ಅಂದರೆ ನಡುವಿನಲ್ಲಿ ಕೂರಿಸಬಹುದು. ಪಕ್ಕದಲ್ಲೇ ಉಂಗುರಬೆರಳಿರುವುದರಿಂದ ಎರಡೂ ಸೇರಿ ಗುಂಡಿಗಳ ಮೇಲೆ ಓಡಾಡಬಹುದು. ನಾಳಗಳ ಅಳತೆಯೂ ಸರಿಹೊಂದುತ್ತದೆ, ನನಗೂ ಅದೇ ಇಷ್ಟವಿತ್ತು. ಇಲ್ಲವೇ ತೋರುಬೆರಳಿನ ಜಾಗದಲ್ಲಿ ಕೂರಿಸಬಹುದು. ಆಗ ಹೆಬ್ಬೆಟ್ಟಿನ ಜೊತೆ ಸೇರಿ, ಬ್ಯಾಂಜೊ ಮಾಡಲು ಬೇಕಾದ, ಸಣ್ಣ ಸಂದಿಯಲ್ಲೂ ಹಿಡಿಯುವ ಶಕ್ತಿ ಉಳಿಯುತ್ತದೆ, ಆದರೆ ನಡುವೆ ಖಾಲಿ ಬಿದ್ದು ನುಡಿಸುವ ವೇಗ ಹೋಗುತ್ತದೆ. ಅದು ಕಷ್ಟದ ಆಪರೇಷನ್ ಕೂಡ.

ಜಯಮ್ಮ ನಡುವಿನದೇ ಇರಲಿ ಎಂದರು. ಆಗಲೇ ನನಗೆ ಅವರ ಪದ್ಧತಿ ತಿಳಿದದ್ದು. ನಂಜಪ್ಪ ಯಾವ ಬ್ಯಾಂಜೊವನ್ನೂ ಸುಮ್ಮನೆ ಕೊಟ್ಟು ಕಳಿಸಿದವರಲ್ಲ. ಕೊಂಡವರನ್ನು ಎದುರಿಗೆ ಕೂರಿಸಿ, ತಾವೇ ಒಂದು ಹಾಡು ನುಡಿಸಿ, ಆಮೇಲೆ ಕೈಗೆ ಕೊಡುತ್ತಿದ್ದರು. ಅದಕ್ಕೆ ಬೋಣಿ ಎನ್ನುತ್ತಿದ್ದರು. ಬೋಣಿಯಾಗದ ಬ್ಯಾಂಜೊ ಸಭೆಯಲ್ಲಿ ಕೈಕೊಡುತ್ತದೆ ಎಂದು ನುಡಿಸುವವರೆಲ್ಲ ನಂಬಿದ್ದರು. ವೇಗ ಹೋದರೆ ಬೋಣಿ ಯಾರು ಮಾಡುತ್ತಾರೆ ಎಂಬುದು ಜಯಮ್ಮನ ಪ್ರಶ್ನೆ.

ನಂಜಪ್ಪ ಬ್ಯಾಂಡೇಜಿನ ಕೈಯನ್ನೇ ನೋಡುತ್ತಾ ಕೂತರು. ಗಡಿಯಾರ ಓಡುತ್ತಿತ್ತು, ನಾನು ಅವಸರ ಮಾಡುವ ಹಾಗಿರಲಿಲ್ಲ.

"ನುಡ್ಸೋರು ಊರ್ ತುಂಬ ಅವ್ರೆ ಡಾಕ್ಟ್ರಮ್ಮ," ಎಂದರು. "ಮಾಡೋನು ನಾನೊಬ್ನೇ. ಹೆಬ್ಬೆಟ್ಟಿನ ಪಕ್ಕುಕ್ಕೇ ಆಕ್ಬುಡಿ."

ತೋಳಿಗೆ ಮಾತ್ರ ಅರಿವಳಿಕೆ ಕೊಟ್ಟು ಶುರುಮಾಡಿದೆವು. ಮೂಳೆಗೆ ತಂತಿ ಹಾಕಿ ನಿಲ್ಲಿಸಿ, ಸ್ನಾಯುಗಳನ್ನು ಹೊಲಿದು, ಕೂದಲಿಗಿಂತ ಸಣ್ಣ ದಾರದಲ್ಲಿ ರಕ್ತನಾಳ ಜೋಡಿಸಿ, ರಕ್ತ ತಡೆದಿದ್ದ ಕ್ಲಿಪ್ ತೆಗೆದೆ. ರಕ್ತ ನುಗ್ಗಿ ಬೆರಳು ಕೆಂಪಾಗಬೇಕು. ಆಗಲಿಲ್ಲ. ಬಿಸಿ ಸಲೈನ್ ಸುರಿದು ಕಾದೆವು. ಬೆರಳು ಮೇಣದ ಬೆರಳಿನಂತೆ ಬೆಳ್ಳಗೇ ಇತ್ತು.

"ಯಾಕಮ್ಮ, ಸದ್ದೇ ಇಲ್ವಲ್ಲ?" ಎಂದು ಪರದೆಯ ಆಚೆಯಿಂದ ನಂಜಪ್ಪ ಕೇಳಿದರು. ಸ್ವಲ್ಪ ಸುಮ್ಮನಿರಿ ಎಂದೆ. ನನಗೆ ಹೆದರಿಕೆಯಾಗಿತ್ತು. ಅವರ ಮಾತು ಕೇಳದೆ ನಡುವಿನಲ್ಲೇ ಕೂರಿಸಿದ್ದರೆ ಇಷ್ಟು ಹೊತ್ತಿಗೆ ಮುಗಿದಿರುತ್ತಿತ್ತು ಎಂಬ ಯೋಚನೆ ಬಂತು, ಅದನ್ನು ಕಷ್ಟಪಟ್ಟು ತಳ್ಳಿದೆ. ಹೊಲಿಗೆ ಬಿಚ್ಚಿ ನೋಡಿದರೆ ಬುಡದ ನಾಳ ಪ್ರೆಸ್ಸಿನ ಹೊಡೆತಕ್ಕೆ ಜಜ್ಜಿಹೋಗಿತ್ತು. ಆ ಭಾಗವನ್ನು ತೆಗೆದುಹಾಕಿ, ಮುಂಗೈಯಿಂದ ಒಂದು ತುಂಡು ರಕ್ತನಾಳ ತಂದು ಮಧ್ಯೆ ಸೇರಿಸಿ, ಮತ್ತೆ ಮೊದಲಿನಿಂದ ಹೊಲಿದೆ. ಎರಡನೆಯ ಸಲ ಕ್ಲಿಪ್ ತೆಗೆದಾಗ ಉಗುರಿನ ಬುಡದಲ್ಲಿ ತಿಳಿಗೆಂಪು ಮೂಡಿ ಮೆಲ್ಲಗೆ ತುದಿಗೆ ಹತ್ತಿತು. ನರ್ಸ್ ಅಳುತ್ತಿದ್ದಳು. ನನ್ನ ಕಣ್ಣೂ ಮಂಜಾಗಿ ಮೈಕ್ರೋಸ್ಕೋಪಿನಿಂದ ತಲೆ ಎತ್ತಬೇಕಾಯಿತು.

ಮುಂದಿನ ಕೆಲವು ದಿನ ಬೀಡಿ, ಕಾಫಿ ಎರಡೂ ಬಂದ್, ಏಕೆಂದರೆ ಎರಡೂ ನಾಳವನ್ನು ಬಿಗಿಯುತ್ತವೆ. ಬೆರಳು ನಿಂತಿತು. ತೋರುಬೆರಳಿನ ಜಾಗಕ್ಕೆ ಕೊಂಚ ಉದ್ದವಾಗಿ, ಗಂಟುಗಂಟಾಗಿ, ಅರ್ಧ ಮಾತ್ರ ಮಡಚುತ್ತಿತ್ತು. ನಂಜಪ್ಪ ಅದಕ್ಕೆ ಬಾಡಿಗೆದಾರ ಎಂದು ಹೆಸರಿಟ್ಟರು. ನಡುಮನೆ ಖಾಲಿ ಮಾಡಿಸಿ ಮೂಲೆಮನೆಗೆ ಕಳಿಸಿದ್ದೀನಿ, ಗೊಣಗ್ತಾನೆ, ಆದ್ರೆ ಮನೆ ಬಿಡಲ್ಲ ಎಂದು ವಾರ್ಡಿನಲ್ಲೆಲ್ಲ ಹೇಳಿಕೊಂಡು ನಗಿಸುತ್ತಿದ್ದರು.

ಮರುವರ್ಷ ಶೆಡ್ಡಿಗೆ ಕರೆದರು. ಪ್ರೆಸ್ಸನ್ನು ಮಾರಿ, ಹಿತ್ತಾಳೆ ಪಟ್ಟಿಯನ್ನೂ ಕೈಗರಗಸದಲ್ಲೇ ಕೊಯ್ಯುತ್ತಿದ್ದರು. ಹೊಸ ಬ್ಯಾಂಜೊ ಕೊಳ್ಳಲು ಬಂದ ಭಜನೆಯವರು ಚಾಪೆಯ ಮೇಲೆ ಕೂತಿದ್ದರು. ನಂಜಪ್ಪ ಬೋಣಿಗೆ ಕೂತು, ಆ ಒಂದೇ ಬೆರಳಿನಿಂದ, ಒಂದೊಂದೇ ಗುಂಡಿಯನ್ನು ಹುಡುಕಿ ಒತ್ತುತ್ತಾ ನುಡಿಸಿದರು. ಎಷ್ಟು ನಿಧಾನವೆಂದರೆ ಹಾಡು ಯಾವುದೆಂದು ಗೊತ್ತಾಗುವ ಹೊತ್ತಿಗೆ ಮುಗಿದಿತ್ತು. ಜಯಮ್ಮ ಬಾಗಿಲಾಚೆ ಮುಖ ತಿರುಗಿಸಿಕೊಂಡು ನಿಂತಿದ್ದರು. ಭಜನೆಯವರು ಕದಲಲಿಲ್ಲ, ಮುಗಿಯುವವರೆಗೂ ಕಾದು, ಎರಡೂ ಕೈಯೊಡ್ಡಿ ಬ್ಯಾಂಜೊ ಇಸಿದುಕೊಂಡರು.

ಈ ವೃತ್ತಿ ನನಗೆ ಕಲಿಸಿದ್ದನ್ನು ಒಂದು ಮಾತಿನಲ್ಲಿ ಹೇಳು ಎಂದರೆ ನಂಜಪ್ಪನವರ ಕೈ ನೆನಪಾಗುತ್ತದೆ. ಯಾವ ಬೆರಳನ್ನು ಉಳಿಸಬಹುದು ಎಂಬುದು ಡಾಕ್ಟರ ಪ್ರಶ್ನೆ. ಯಾವ ಕೆಲಸವನ್ನು ಉಳಿಸಬೇಕು ಎಂಬುದು ಕೈ ಯಾರದೋ ಅವರ ಪ್ರಶ್ನೆ. ಎರಡನೆಯದನ್ನು ಮೊದಲು ಕೇಳಿ ಎಂದು ನನ್ನ ಕಿರಿಯರಿಗೆ ಹೇಳುತ್ತಿರುತ್ತೇನೆ, ಗಡಿಯಾರ ಎಷ್ಟೇ ಓಡುತ್ತಿರಲಿ.

ಕಳೆದ ವರ್ಷ ನಂಜಪ್ಪ ಹೃದಯಾಘಾತದಿಂದ ತೀರಿಕೊಂಡರು. ತಿಂಗಳು ಕಳೆದ ಮೇಲೆ ಜಯಮ್ಮ ನನ್ನ ಓಪಿಡಿಗೆ ಬಂದರು, ಜೊತೆಯಲ್ಲಿ ಬಟ್ಟೆ ಸುತ್ತಿದ ಬ್ಯಾಂಜೊ ಹಿಡಿದ ಭಜನೆಯವರೊಬ್ಬರು. ನಂಜಪ್ಪ ಮುಗಿಸಿಟ್ಟಿದ್ದ ಕೊನೆಯ ವಾದ್ಯ ಅದು. ಬೋಣಿಯಾಗಿರಲಿಲ್ಲ, ಹಾಗಾಗಿ ಬೇಕೆಂದು ಹೇಳಿದ್ದವರೂ ಒಯ್ಯಲು ಹಿಂಜರಿಯುತ್ತಿದ್ದರು. ನೀವೇ ಮಾಡಿಕೊಡಿ ಎಂದರು ಜಯಮ್ಮ. ನನಗೆ ಸರಿಗಮವೂ ಬರುವುದಿಲ್ಲ ಎಂದೆ.

"ಆ ಬೆರಳು ನಿಮ್ ಕೈಕೆಲ್ಸ ಕಣಮ್ಮ. ನೀವು ಒತ್ತುದ್ರೆ ಅವ್ರು ಒತ್ದಂಗೇಯ."

ಕಟ್ಟು ಹಾಕಿದ ಕೈಗಳನ್ನು ಎದೆಗೊತ್ತಿಕೊಂಡು ಕೂತಿದ್ದ ರೋಗಿಗಳೆಲ್ಲ ನಮ್ಮ ಕಡೆ ನೋಡುತ್ತಿದ್ದರು. ಮೇಜಿನ ಮೇಲಿದ್ದ ಎಕ್ಸ್‌ರೇಗಳನ್ನು ಸರಿಸಿ ಬ್ಯಾಂಜೊ ಇಟ್ಟರು. ಭಜನೆಯವರು ತಂತಿ ಮೀಟಲು ಸಿದ್ಧರಾದರು. ನಾನು ಎಡಗೈ ಚಾಚಿ, ಯಾವ ಬೆರಳಿನಲ್ಲಿ ಒತ್ತಲಿ ಎಂದು ಕೇಳಿದೆ.

"ಹೆಬ್ಬೆಟ್ಟಿನ ಪಕ್ಕದ್ದು," ಎಂದರು ಜಯಮ್ಮ.

ಒತ್ತಿದೆ.